ನಮ್ಮತ್ತೆಯನ್ನು ಕಲ್ಯಾಣದುರ್ಗದಲ್ಲೇ ಬಿಡಿ

ಉಭಯ ಪಟ್ಟಣಗಳ ಕಲಾ ಸಂಸ್ಕೃತಿ ಮಂಡಳಿಯ ಸನ್ಮಾನ್ಯ ಅಧ್ಯಕ್ಷರ ಸನ್ನಿಧಿಗೆ, ಹಿಂದೂಪುರದ ಹುಣಸೆ ಮಂಡಿಯ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿದುಕೊಂಡಿರುವ ಕೃಷ್ಣವೇಣಿ ಎರಡೂ ಕೈ ಜೋಡಿಸಿ ಬರೆದದ್ದು.

ಮಾನ್ಯರೇ,

ತಾವೂ ತಮ್ಮ ಸಕಲ ಸದಸ್ಯರೂ, ಸಭೆಗೆ ಎಂದೂ ಬಾರದ ಸದಸ್ಯರೂ ಸೇರಿದಂತೆ, ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಹಿಂದೂಪುರ, ಕಲ್ಯಾಣದುರ್ಗ ಎರಡೂ ಊರುಗಳಲ್ಲಿ ಯಾವ ಗೋಡೆಗೆ ಯಾವ ಚಿತ್ರ, ಯಾವ ಸರ್ಕಲ್‌ಗೆ ಯಾವ ಪ್ರತಿಮೆ, ಯಾವ ಉತ್ಸವಕ್ಕೆ ಯಾರ ಕುಣಿತ ಎಂಬುದನ್ನೆಲ್ಲ ತಾವೇ ತೀರ್ಮಾನಿಸುವುದರಿಂದ, ನಮಗೇನು ಚೆನ್ನಾಗಿ ಕಾಣುತ್ತದೆ ಎಂದು ಯೋಚಿಸುವ ಶ್ರಮ ನಮಗೆ ತಪ್ಪಿದೆ. ಆ ಉಪಕಾರಕ್ಕೆ ಮೊದಲ ವಂದನೆ.

ಕಳೆದ ವರ್ಷ ತಾವು ದುಡಿಯುವ ಜನರ ಪ್ರತಿಮೆಗಳನ್ನು ನಿಲ್ಲಿಸಲು ನಿರ್ಧರಿಸಿದಿರಿ. ಪರಿಗಿಯ ಶಿಲ್ಪಿ ರಾಮಾಂಜಿನೇಯ ನಮ್ಮ ಮಂಡಿಗೆ ಬಂದು, ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಹೆಂಗಸರನ್ನೆಲ್ಲ ನೋಡಿ, ನಮ್ಮತ್ತೆ ರಂಗಲಕ್ಷ್ಮಮ್ಮನವರನ್ನು ಆರಿಸಿಕೊಂಡರು. ಆಧಾರ್ ಕಾರ್ಡಿಗೆ ಬಿಟ್ಟರೆ ಯಾರ ಮುಂದೆಯೂ ಮುಖ ಕೊಟ್ಟು ಕೂತವರಲ್ಲ ನಮ್ಮತ್ತೆ. ರೇಷ್ಮೆ ಸೀರೆ ಉಟ್ಟು ಬಂದ ಅವರನ್ನು ಹಳೆ ಸೀರೆಗೆ ಒಪ್ಪಿಸುವಷ್ಟರಲ್ಲಿ ಶಿಲ್ಪಿಗೆ ಸಾಕುಸಾಕಾಯಿತು. ಕೊನೆಗೂ ಕೈಯಲ್ಲಿ ಹುಣಸೆ ಕುಟ್ಟುವ ಮರದ ಕೊಡತಿ ಹಿಡಿದು ಕೂತರು. ಸಿಮೆಂಟಿನಲ್ಲಿ ಅವರು ಹಾಗೆಯೇ ಮೂಡಿದರು. ಕಲ್ಯಾಣದುರ್ಗಕ್ಕೆಂದು ಅದೇ ಶಿಲ್ಪಿ ಅಲ್ಲಿಯ ರೈತ ಪೋತಪ್ಪನವರು ಕಡಲೆಕಾಯಿ ಗಿಡ ಕೀಳುತ್ತಿರುವಂತೆ, ಅವರ ಭಾರಿ ಮೀಸೆ ಸಮೇತ, ಇನ್ನೊಂದನ್ನು ಮಾಡಿದರು. ಎರಡಕ್ಕೂ ಗೋಣಿಚೀಲ ಸುತ್ತಿ, ತಮ್ಮ ಮಂಡಳಿಯ ಮೇಲ್ವಿಚಾರಣೆಯಲ್ಲಿ ಎರಡು ಲಾರಿಗಳಿಗೆ ಏರಿಸಲಾಯಿತು.

ಅನಾವರಣದ ದಿನ ಮಂಡಿ ದಾರಿಯ ಸರ್ಕಲ್‌ಗೆ ನಮ್ಮ ಬೀದಿಗೆ ಬೀದಿಯೇ ಬಂದಿತ್ತು. ನಮ್ಮತ್ತೆಗೆ ಮುಂದಿನ ಸಾಲಿನಲ್ಲಿ ಕುರ್ಚಿ. ತಾವು ಹಗ್ಗ ಎಳೆದಿರಿ, ಪರದೆ ಸರಿಯಿತು, ಪೋತಪ್ಪನವರು ಮೀಸೆಯೊಂದಿಗೆ ಪ್ರತ್ಯಕ್ಷರಾದರು. ಬೇರೆ ಯಾರಾದರೂ ಕಂಗಾಲಾಗುತ್ತಿದ್ದರು. ತಾವೋ, ಬರೆದು ತಂದ ಭಾಷಣದ ಒಂದಕ್ಷರವನ್ನೂ ಬಿಡದೆ, ಆ ಮೀಸೆಯತ್ತ ಕೈ ತೋರಿಸಿ, ಈ ತಾಯಿಯ ಮುಖದಲ್ಲಿರುವ ವಾತ್ಸಲ್ಯವನ್ನು ನೋಡಿರೆಂದು ಗದ್ಗದಿತರಾದಿರಿ. ಅಂಥ ಸ್ಥಿರಚಿತ್ತ ನಮ್ಮ ಪಟ್ಟಣಕ್ಕೆ ದೊರೆತದ್ದು ಭಾಗ್ಯ. ಜನ ನಕ್ಕರು, ನಾನೂ ನಕ್ಕೆ. ನಮ್ಮತ್ತೆ ಮಾತ್ರ ಎದ್ದು ಮನೆಗೆ ಹೋದರು. ಆಮೇಲೆ ಮಂಡಿಗೆ ಹೋಗುವಾಗಲೂ ಆ ಸರ್ಕಲ್ ತಪ್ಪಿಸಿ ಸುತ್ತು ಹಾಕತೊಡಗಿದರು. ಆಗ ನನ್ನ ನಗು ನಿಂತಿತು.

ನಾನು ತಮ್ಮ ಕಚೇರಿಗೆ ಬಂದು, ಅದಲುಬದಲಾದದ್ದನ್ನು ಸರಿಪಡಿಸಿರೆಂದು ಬೇಡಿಕೊಂಡೆ. ಅದಲುಬದಲು ಏನೂ ಆಗಿಲ್ಲ, ಇದು ಎರಡು ಊರುಗಳ ಸಾಂಸ್ಕೃತಿಕ ವಿನಿಮಯ ಎಂದು ಅಲ್ಲಿ ತಿಳಿಸಿದರು. ಹಾಗೆಯೇ ನಂಬಿಸಲು, ಕಲ್ಯಾಣದುರ್ಗಕ್ಕೆ ಹೋಗಿ ಕೂತಿದ್ದ ಸಿಮೆಂಟಿನ ನಮ್ಮತ್ತೆಯ ಕೆಳಗೆ 'ಕಡಲೆಕಾಯಿ ಬಿಡಿಸುವ ತಾಯಿ' ಎಂಬ ಹೊಸ ಫಲಕ ಹಾಕಿಸಿದಿರಿ. ಅಷ್ಟು ದೊಡ್ಡ ಕೊಡತಿಯಿಂದ ಬಿಡಿಸಬೇಕಾದ ಕಡಲೆಕಾಯಿ ಯಾವ ತಳಿಯದೆಂದು ದಯವಿಟ್ಟು ಕೃಷಿ ಇಲಾಖೆಗೂ ತಿಳಿಸಿರಿ.

ಕೊನೆಗೆ ನಾನೇ ನಮ್ಮತ್ತೆಯನ್ನು ಒತ್ತಾಯ ಮಾಡಿ ಬಸ್ಸು ಹತ್ತಿಸಿದೆ. ಕಲ್ಯಾಣದುರ್ಗದಲ್ಲಿ ಇಳಿದು ನೋಡಿದರೆ, ಬೇಯಿಸಿದ ಕಡಲೆಕಾಯಿ ಮಾರುವ ಹೆಂಗಸರೆಲ್ಲ ಪ್ರತಿಮೆಯ ನೆರಳಿಗೆ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಸಿಮೆಂಟಿನ ಹಣೆಗೆ ಕುಂಕುಮ, ಮುಡಿಗೆ ಕನಕಾಂಬರ. ನಮ್ಮತ್ತೆ ತಮ್ಮನ್ನೇ ತಾವು ನೋಡುತ್ತ ನಿಂತರು. ಅಲ್ಲಿ ಕೂತಿದ್ದ ಬೀರಕ್ಕ ಎಂಬಾಕೆ ಒಮ್ಮೆ ಮೇಲೆ ನೋಡಿ, ಒಮ್ಮೆ ನಮ್ಮತ್ತೆಯನ್ನು ನೋಡಿ, ಬುಟ್ಟಿ ಸರಿಸಿ ಜಾಗ ಮಾಡಿದರು. "ದಿನಾ ನಮ್ ಜೊತೇಲೇ ಕುಂತಿರ್ತೀಯ, ಇವತ್ತ್ಯಾಕಮ್ಮ ನಿಂತ್ಕಂಡೆ? ಬಾ, ಕುಂತ್ಕ," ಎಂದರು.

ಕೂತವರು ಸಂಜೆಯವರೆಗೂ ಏಳಲಿಲ್ಲ. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಸೊಸೆಯರ ವಿಷಯವೆಲ್ಲ ಬಂದುಹೋಯಿತು. ನಾನು ಪಕ್ಕದಲ್ಲೇ ಇದ್ದುದನ್ನು ಇಬ್ಬರೂ ಗಮನಿಸಲಿಲ್ಲ. ಮರಳುವಾಗ ಬಸ್ಸಿನಲ್ಲಿ ನಮ್ಮತ್ತೆ ಹೇಳಿದರು: "ಮಂಡಿಲಿ ಇಷ್ಟ್ ವರ್ಷ ಕುಟ್ಟಿದ್ರೂ ಯಾರೂ ನನ್ ತಲೆಗೆ ಹೂ ಮುಡಿಸ್ಲಿಲ್ಲ ಕಣಮ್ಮ. ನಾನು ಅಲ್ಲೇ ಇರ್ಲಿ ಬಿಡು." ಈಗ ಬಿಡುವು ಸಿಕ್ಕಾಗಲೆಲ್ಲ ಹುಣಸೆಹಣ್ಣಿನ ಗಂಟು ಹಿಡಿದು ಅಲ್ಲಿಗೆ ಹೋಗುತ್ತಾರೆ, ಕಡಲೆಕಾಯಿ ಹೊತ್ತು ಬರುತ್ತಾರೆ. ವಿನಿಮಯವೆಂಬ ತಮ್ಮ ಮಾತು ಹೀಗೆ ತಮಗೆ ಗೊತ್ತಿಲ್ಲದೆಯೇ ನಿಜವಾಯಿತು.

ಪೋತಪ್ಪನವರೂ ಒಮ್ಮೆ ಸಿಟ್ಟಿನಿಂದಲೇ ಇಲ್ಲಿಗೆ ಬಂದರು. ಆಟೋದವರು ಅವರ ಪ್ರತಿಮೆಯಿದ್ದ ಜಾಗಕ್ಕೆ ಆಗಲೇ ಮೀಸೆ ಸರ್ಕಲ್ ಎಂದು ಹೆಸರಿಟ್ಟಿದ್ದರು. ಮೀಸೆಯ ಮಾಲೀಕರೇ ಬಂದಿದ್ದಾರೆಂದು ಗೊತ್ತಾಗಿ ಟೀ ಅಂಗಡಿಯವರು ಕೂರಿಸಿ ಉಪಚರಿಸಿದರು. ಹೋಗುವಾಗ ಅವರು ಮೀಸೆ ತಿರುವಿಕೊಂಡೇ ಬಸ್ಸು ಹತ್ತಿದರು.

ಇಷ್ಟೆಲ್ಲ ಸರಿಹೋದ ಮೇಲೆ, ಮಾನ್ಯರೇ, ತಮಗೆ ತಪ್ಪು ಕಾಣಿಸಿದೆ. ಬರುವ ಸೋಮವಾರ ಕ್ರೇನ್ ತಂದು ಪ್ರತಿಮೆಗಳನ್ನು ಸ್ವಸ್ಥಾನಕ್ಕೆ ಸೇರಿಸುವುದಾಗಿ ಪ್ರಕಟಣೆ ಹೊರಡಿಸಿದ್ದೀರಿ. ಇದೇ ನನ್ನ ದೂರು. ನಾವು ಬೇಡಿಕೊಂಡಾಗ ತೋರಿಸಿದ ಘನವಾದ ನಿರ್ಲಕ್ಷ್ಯವನ್ನೇ ದಯವಿಟ್ಟು ಮುಂದುವರಿಸಿರಿ. ತರಲೇಬೇಕೆಂದರೆ ಬೀರಕ್ಕನವರನ್ನೂ, ಅವರ ಗೆಳತಿಯರನ್ನೂ, ಕುದಿಯುವ ಹಂಡೆಯನ್ನೂ ಅದೇ ಲಾರಿಯಲ್ಲಿ ತರಿಸಿರಿ. ಆ ಮಧ್ಯಾಹ್ನದ ನೆರಳನ್ನು ಮಡಚಿ ತರಲು ಮಂಡಳಿಯಲ್ಲಿ ಯಾರಾದರೂ ಪರಿಣತರಿದ್ದರೆ ಅದನ್ನೂ ತರಿಸಿರಿ. ಇಲ್ಲವಾದರೆ ಫೈಲನ್ನು ಮತ್ತೆ ಅದರ ಮೂಲೆಯಲ್ಲೇ ಮಲಗಿಸಿರಿ.

ತಮ್ಮ ತಪ್ಪುಗಳಿಗೆ ಸದಾ ಋಣಿಯಾದ, ತಿದ್ದುಪಡಿಗಳಿಗೆ ಮಾತ್ರ ಹೆದರುವ
ತಮ್ಮ ವಿಶ್ವಾಸಿ,
ಕೃಷ್ಣವೇಣಿ

ವಿ.ಸೂ.: ಸೋಮವಾರ ನಮ್ಮತ್ತೆಯೂ ಬೀರಕ್ಕನೂ ಪ್ರತಿಮೆಯ ಅಕ್ಕಪಕ್ಕದಲ್ಲೇ ಕೂರುವುದಾಗಿ ತೀರ್ಮಾನಿಸಿದ್ದಾರೆ. ಮೂವರಲ್ಲಿ ಸಿಮೆಂಟಿನವರು ಯಾರೆಂದು ಗುರುತಿಸಬಲ್ಲ ಅಧಿಕಾರಿಯೊಬ್ಬರನ್ನು ಕ್ರೇನ್ ಜೊತೆ ಕಳಿಸಿರಿ. ತಾವೇ ಬರುವ ತೊಂದರೆ ಬೇಡ.