ಜೀಪು ಕರೆಸಲೋ, ಕಾಯಲೋ

ಬಾಳೂರು ಕಡೆಯ ಒಂದು ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಹದಿನೆಂಟು ವರ್ಷ ನರ್ಸ್ ಆಗಿದ್ದೆ. ಗಾಯಕ್ಕೆ ಪಟ್ಟಿ ಕಟ್ಟುವುದು ಸುಲಭ. ಮೂಡಿಗೆರೆ ಆಸ್ಪತ್ರೆಗೆ ಕಳಿಸಲೋ, ಒಂದು ಗಳಿಗೆ ಕಾಯಲೋ ಅಂತ ತೀರ್ಮಾನಿಸುವುದೇ ಕಷ್ಟ. ಆ ಸಂಕಟ ತಿಂಗಳಿಗೊಂದಾದರೂ ಬರುತ್ತಿತ್ತು.

೧. ಏಣಿ

ತೊಂಬತ್ತರ ದಶಕ. ಮೆಣಸು ಕೊಯ್ಯುತ್ತಿದ್ದ ಆಳೊಬ್ಬ ಬಳ್ಳಿಯನ್ನೂ ಕಿತ್ತುಕೊಂಡು ಏಣಿಯಿಂದ ಬಿದ್ದ. ಬಳ್ಳಿ ಹಾಳಾದರೆ ಮೇಸ್ತ್ರಿ ಕೂಲಿ ಹಿಡಿಯುತ್ತಿದ್ದ. ನಾಡಿ ಸರಿಯಿತ್ತು, ಉಸಿರಿತ್ತು, ಕಣ್ಣು ಮಾತ್ರ ಬಿಡಲೊಲ್ಲ. ತಲೆಗೆ ಪೆಟ್ಟಾಗಿದ್ದರೆ? ಬಂಗಲೆಗೆ ಓಡಿ ಧಣಿಗಳ ಜೀಪು ಬೇಡಿ ತಂದೆ. ಅವನ ತಲೆ ತೊಡೆ ಮೇಲಿಟ್ಟುಕೊಂಡು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಗೇಟು ದಾಟಿದ್ದೇ ಒಂದು ಕಣ್ಣು ತೆರೆಯಿತು.

"ಸಿಸ್ಟರಮ್ಮಾ, ಮೇಸ್ತ್ರಿ ಬಂದಿಲ್ಲ ಅಲ್ವಾ?"

೨. ಸಹಿ

ತೋಟದ ಹಾಜರಿ ಬರೆಯುವ ರೈಟರಿಗೆ ಕಣಜದ ಹುಳ ಮುತ್ತಿ ಕಚ್ಚಿದವು. ಕಣ್ಣು ಮುಚ್ಚಿಹೋಗಿ ತುಟಿ ಊದತೊಡಗಿತು. ಗಂಟಲೂ ಊದಿದರೆ ಮುಗಿಯಿತು.

"ಜೀಪು ನಿಂತಿದೆ, ಏಳಿ" ಅಂದೆ. ಅವರು ಅಲ್ಲಾಡಲಿಲ್ಲ.

"ಅಪಘಾತದ ಪುಸ್ತಕದಲ್ಲಿ ರೈಟರ ಸಹಿ ಬೀಳದೆ ಜೀಪು ಹೊರಡೋ ಹಾಗಿಲ್ಲ ಸಿಸ್ಟರ್."

"ರೈಟರು ನೀವೇ ಅಲ್ವಾ?"

"ಹೌದಲ್ಲ! ಜಾಗ ತೋರ್ಸಿ."

ಅವರ ಕೈ ಹಿಡಿದು ತೋರಿಸಿದೆ. ಕಣ್ಣು ಕಾಣದೆ ಹೇಗೋ ಗೀಚಿದರು. ವಾರದ ಮೇಲೆ ಗುಣವಾಗಿ ಬಂದವರು ಆ ಪುಟ ನೋಡಿ ನನ್ನನ್ನೇ ಗದರಿದರು: "ಯಾರ್ರೀ ಇದು, ನನ್ನ ಸಹಿ ನಕಲು ಮಾಡಿದ್ದು?"

೩. ಗ್ಯಾಸು

ಫೋನ್ ಮಾಡಿದರೆ ಆಂಬುಲೆನ್ಸ್ ಬರುವ ಕಾಲವೂ ಬಂತು. ಒಂದು ಬೆಳಿಗ್ಗೆ ಪಕ್ಕದ ಸಣ್ಣ ತೋಟದ ಯಜಮಾನರ ಹೆಂಡತಿ ಏದುಸಿರು ಬಿಡುತ್ತ ಬಂದರು. "ಇವರಿಗೆ ಎದೆ ಹಿಡ್ಕೊಂಡಿದೆ. ಗ್ಯಾಸ್ ಅಂತಾರೆ. ನನಗ್ಯಾಕೋ ಹೆದರಿಕೆ."

ಹೋಗಿ ನೋಡಿದರೆ ಯಜಮಾನರ ಅಂಗಿ ಬೆವರಿಗೆ ತೊಯ್ದುಹೋಗಿತ್ತು, ಎಡಗೈ ಸೆಳೆಯುತ್ತಿತ್ತು. "ಗ್ಯಾಸ್ ಮಾರಾಯ್ತಿ, ಜೀರಿಗೆ ಕಷಾಯ ಕೊಡು" ಅಂತ ಹೆಂಡತಿಗೆ ಹೇಳುತ್ತಲೇ ಇದ್ದರು. ನಿಜಕ್ಕೂ ಗ್ಯಾಸೇ ಆಗಿದ್ದರೆ ಊರೆಲ್ಲ ನಗುತ್ತದೆ. ನಗಲಿ ಅಂತ ಫೋನ್ ಮಾಡಿದೆ. ಆಮೇಲಿನ ಮುಕ್ಕಾಲು ಗಂಟೆ ನನ್ನ ಎದೆ ಅವರದಕ್ಕಿಂತ ಜೋರಾಗಿ ಹೊಡೆದುಕೊಂಡಿತು.

ಆಂಬುಲೆನ್ಸಿನ ಕೂಗು ಕೇಳಿದ್ದೇ ಹೆಂಡತಿ ತಲೆಸುತ್ತಿ ಬಿದ್ದರು. "ಮೊದ್ಲು ಅವಳನ್ನ ಮಲಗ್ಸಿ!" ಎಂದು ಕೂಗಿ ಯಜಮಾನರು ತಾವೇ ಎದ್ದು ನಡೆದು ಡ್ರೈವರ್ ಪಕ್ಕ ಕೂತುಬಿಟ್ಟರು. "ಪೇಷಂಟು ನೀವು!" ಅಂತ ಕಿರುಚಿ, ಇಳಿಸಿ, ಹಿಂದೆ ಮಲಗಿಸಿದೆ.

ಹೃದಯಾಘಾತವೇ ಆಗಿತ್ತು. ಉಳಿದರು. ಹದಿನೈದು ದಿನದ ಮೇಲೆ ನೋಡಲು ಹೋದರೆ ಜಗಲಿಯಲ್ಲಿ ಕೂತು ನೆಂಟರಿಗೆ ಹೇಳುತ್ತಿದ್ದರು:

"ಇವಳಿಗೆ ಹುಷಾರಿಲ್ಲ ಅಂತ ಜೊತೆಗೆ ಹೋಗಿದ್ದೆ ಮಾರಾಯ್ರೆ. ಅಲ್ಲಿ ಅವರು ನನ್ನನ್ನೇ ಅಡ್ಮಿಟ್ ಮಾಡ್ಕೊಂಡುಬಿಟ್ರು!"