ಗುಡ್ಡದ ಮೇಲೆ ಎಳಿ ಹರಿದದ್ದು

ನಾನು ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ಹಗುರ, ನನಗೂ ಹಗುರ. ಕೆಲವರು ಹಾವಿಗೆ ಅಂಜುತ್ತಾರೆ, ಕೆಲವರು ಹೆಂಡತಿಗೆ. ನಾನು ಎತ್ತರಕ್ಕೆ ಅಂಜುತ್ತೇನೆ. ಫ್ಯಾನಿನ ಧೂಳು ಒರೆಸಲು ಸ್ಟೂಲ್ ಹತ್ತಿದರೂ ಕಣ್ಣು ಮುಚ್ಚಿಕೊಂಡೇ ಒರೆಸುತ್ತೇನೆ. ಜಮಖಂಡಿಯ ನಮ್ಮ ಆಫೀಸು ಮೂರನೇ ಮಹಡಿಗೆ ಹೋದಾಗ ಉಳಿದವರೆಲ್ಲ ಗಾಳಿ ಬರುತ್ತದೆಂದು ಕಿಟಕಿ ಪಕ್ಕದ ಟೇಬಲ್ಲಿಗಾಗಿ ಜಗಳಾಡಿದರು. ನಾನೊಬ್ಬನೇ ಕಪಾಟಿನ ಹಿಂದಿನ ಕತ್ತಲ ಮೂಲೆಯನ್ನು ಕೇಳಿ ಪಡೆದೆ. ಅಲ್ಲಿ ಜಿರಲೆಗಳಿವೆ. ಇರಲಿ, ನೆಲದ ಮೇಲಿರುವ ಯಾವ ಪ್ರಾಣಿಯ ಬಗ್ಗೆಯೂ ನನ್ನ ತಕರಾರಿಲ್ಲ. ಇಂಥ ಮನುಷ್ಯನ ಬಾಲ್ಯವೆಲ್ಲ ಗುಡ್ಡ ಹತ್ತುವುದರಲ್ಲೇ ಕಳೆಯಿತು ಎಂದರೆ ನನ್ನ ಮಕ್ಕಳೇ ನಂಬುವುದಿಲ್ಲ, ನೀವು ಹೇಗೆ ನಂಬೀರಿ?

ನಾವು ಬನಹಟ್ಟಿಯ ನೇಕಾರರು. ಮನೆಯಲ್ಲಿ ನಾಲ್ಕು ಪಾವರ್‌ಲೂಮು. ಮುಂದೆ ಮಗ್ಗ, ಹಿಂದೆ ಅಡುಗೆಮನೆ, ನಡುವೆ ಸಿಕ್ಕ ಜಾಗದಲ್ಲಿ ನಾವು ಮೂವರು. ಅಪ್ಪ ಮಗ್ಗಗಳ ನಡುವೆ ಓಡಾಡುತ್ತಿದ್ದ. ಅವ್ವ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತು ಲಾಳಿಗೆ ಬೇಕಾದ ನೂಲು ಸುತ್ತುತ್ತಿದ್ದಳು. ಆ ಖಟಖಟದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ, ಹೀಗಾಗಿ ಎಲ್ಲವೂ ಕೈಸನ್ನೆ. ಹೆಬ್ಬೆರಳು ಬಾಯಿಗೆ ತಂದರೆ ಚಾ. ಮುಷ್ಟಿ ತಿರುವಿದರೆ ನೂಲು ಮುಗಿಯಿತು. ಎರಡೂ ಕೈಯ ಬೆರಳು ಜೋಡಿಸಿ ಸರಕ್ಕನೆ ಅಗಲಿಸಿದರೆ ‘ಎಳಿ ಹರೀತು’. ಎಳೆ ಹರಿದ ಮೇಲೂ ಮಗ್ಗ ನಡೆದರೆ ಸೀರೆ ಕೆಟ್ಟಿತೆಂದೇ ಲೆಕ್ಕ, ಅದಕ್ಕೇ ಆ ಸನ್ನೆ ಕಂಡ ಕೂಡಲೇ ಮಗ್ಗ ನಿಲ್ಲಿಸಬೇಕು. ಬರಬರುತ್ತ ನಮ್ಮ ಮನೆಯಲ್ಲಿ ಅದಕ್ಕೆ ‘ಇದ್ದಲ್ಲೇ ನಿಲ್ಲು, ಕೈ ಹಚ್ಚಬ್ಯಾಡ’ ಎಂಬ ಅರ್ಥವೂ ಬಂದುಬಿಟ್ಟಿತ್ತು. ನಾನು ಬೆಲ್ಲದ ಡಬ್ಬಿಗೆ ಕೈ ಹಾಕಿದಾಗಲೆಲ್ಲ ಅವ್ವ ಕುಳಿತಲ್ಲಿಂದಲೇ ಎಳೆ ಹರಿಯುತ್ತಿದ್ದಳು.

ಆಗ ವಾರಕ್ಕೊಂದು ದಿನ ಕರೆಂಟ್ ತೆಗೆಯುತ್ತಿದ್ದರು. ಓಣಿಯ ಹುಡುಗರೆಲ್ಲ ಕುಣಿದಾಡಿದರೆ ನಾನು ಆರಿದ ಬಲ್ಬನ್ನೇ ನೋಡುತ್ತ ಕೂರುತ್ತಿದ್ದೆ. ಯಾಕೆಂದರೆ ಮಗ್ಗ ನಿಂತ ಮರುಗಳಿಗೆಗೆ ಅಪ್ಪ ಟಾವೆಲ್ ಹೆಗಲಿಗೆ ಹಾಕಿ ಕೂಗುತ್ತಿದ್ದ: “ನಡೀರಿ, ಗುಡ್ಡಕ್ಕ ಹೋಗೂನು!” ಮಗ್ಗ ನಿಂತಿದ್ದರೂ ಅವನ ದನಿ ಮಾತ್ರ ನಾಲ್ಕು ಮಗ್ಗ ನಡೆಯುತ್ತಿದ್ದಾಗಿನಷ್ಟೇ ಇರುತ್ತಿತ್ತು. ಅವ್ವ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಕಟ್ಟಿಕೊಂಡು ಅದಾಗಲೇ ಹೊಸ್ತಿಲ ಹೊರಗೆ ನಿಂತಿರುತ್ತಿದ್ದಳು. ಜಮಖಂಡಿಯಲ್ಲಿ ಬಸ್ಸು ಬದಲಿಸಿ ಬೀಳಗಿ ಕಡೆ ಹೊರಟರೆ ದಾರಿಯಲ್ಲಿ ಯಾವ ಗುಡ್ಡ ಕಂಡರೂ ಅಲ್ಲಿ ಇಳಿಯುವುದು. ಬರುವಾಗ ಬಸ್ಸು ಸಿಗದಿದ್ದರೆ ಕಬ್ಬಿನ ಟ್ರ್ಯಾಕ್ಟರ್. ‘ದೇವರೇ, ಈ ಗುಡ್ಡ ಹತ್ತೂದು ಒಂದು ಬಂದ್ ಆಗಲಿ’ ಎಂದು ನಾನು ಹಣಮಪ್ಪನಿಗೆ ತೆಂಗಿನಕಾಯಿಯ ಹರಕೆ ಹೊತ್ತಿದ್ದೆ. ಇಡೀ ಬಾಲ್ಯದಲ್ಲಿ ದೇವರ ಹತ್ತಿರ ನಾನು ಬೇಡಿದ್ದು ಅದೊಂದೇ. ಪರೀಕ್ಷೆಯಲ್ಲಿ ಪಾಸಾಗುವುದನ್ನು ಕೂಡ ಅವನ ಇಷ್ಟಕ್ಕೇ ಬಿಟ್ಟಿದ್ದೆ.

ನನಗೆ ಒಂಬತ್ತು ವರ್ಷವಿದ್ದಾಗಿನ ಮಾತು. ಅವ್ವ ಎಂದಿನಂತೆ ಎಲ್ಲರಿಗಿಂತ ಮುಂದೆ ಹತ್ತಿ ತುದಿ ಮುಟ್ಟಿದ್ದಳು. ಬುತ್ತಿ ಅವಳ ಕೈಯಲ್ಲೇ ಇತ್ತು. ಹಸಿವು ತಡೆಯದೆ ನಾನು ಸುತ್ತುದಾರಿ ಬಿಟ್ಟು ಒಂದು ದೊಡ್ಡ ಬಂಡೆಯ ಮಗ್ಗುಲಲ್ಲಿ, ಗೇಣಗಲದ ಅಂಚಿನ ಮೇಲೆ ಕಾಲಿಟ್ಟೆ. ನಾಲ್ಕು ಹೆಜ್ಜೆ ಹೋದ ಮೇಲೆ ಕೆಳಗೆ ನೋಡಿದೆ. ಅಯ್ಯೋ ದೇವರೇ! ಎಮ್ಮೆಗಳು ಇರುವೆಯಷ್ಟಾಗಿದ್ದವು. ಮುಂದೆ ಹೋಗಲಾರೆ, ಹಿಂದೆ ಬರಲಾರೆ. ಬಂಡೆಯನ್ನು ತಬ್ಬಿಕೊಂಡು ಒಂದು ಕೈಯನ್ನು ಮೆಲ್ಲಗೆ ಮೇಲಿನ ಸಂದಿಗೆ ಚಾಚಿದೆ. ಅಷ್ಟರಲ್ಲಿ ಎದುರಿನ ಬಂಡೆಯ ಮೇಲೆ ಅಪ್ಪ ಕಂಡ. ನಮ್ಮಿಬ್ಬರ ನಡುವೆ ಒಂದು ಕೊರಕಲು. ಸದಾ ಕೂಗಾಡುವ ಅಪ್ಪ ಈಗ ತುಟಿ ಬಿಚ್ಚಲಿಲ್ಲ. ಕಣ್ಣು ಅಗಲಿಸಿ, ಎರಡೂ ಕೈಯ ಬೆರಳು ಜೋಡಿಸಿ ಸರಕ್ಕನೆ ಅಗಲಿಸಿದ. ಮತ್ತೆ ಜೋಡಿಸಿದ, ಮತ್ತೆ ಅಗಲಿಸಿದ.

ಎಳಿ ಹರೀತು!

ನಾನು ಕೈ ಚಾಚಿದ ಸಂದಿಯಲ್ಲಿ ಹೆಜ್ಜೇನಿನ ಗೂಡಿತ್ತು. ಕೂಗಿದರೆ ಹುಳ ಏಳುತ್ತವೆಂದು ಅಪ್ಪ ಸನ್ನೆಯಲ್ಲಿ ‘ಇದ್ದಲ್ಲೇ ನಿಲ್ಲು, ಕೈ ಹಚ್ಚಬ್ಯಾಡ’ ಎನ್ನುತ್ತಿದ್ದ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಗಳಿಗೆಯಲ್ಲಿ ನನ್ನ ತಲೆಗೆ ಹೋದದ್ದು ಬರೀ ಎಳೆ. ಯಾವ ಎಳೆ? ಗುಡ್ಡದ ಮೇಲೆ ನನ್ನ ಮೈಮೇಲೆ ಇದ್ದ ಎಳೆ ಒಂದೇ, ಉಡದಾರ. ಗುಂಡಿ ಹೋದ ಚಡ್ಡಿಯನ್ನು ಸೊಂಟದಲ್ಲಿ ನಿಲ್ಲಿಸಿದ್ದು ಅದೇ ದಾರ. ಅದು ಹರಿಯಿತೆಂದರೆ ಮಾನ ಹೋಯಿತಲ್ಲ! ಹೆದರಿ ಸಾಯುತ್ತಿದ್ದ ಹುಡುಗನಿಗೆ ಮಾನದ ಚಿಂತೆ ಎಲ್ಲಿಂದ ಬಂತೋ, ಬಂಡೆ ಬಿಟ್ಟು ಎರಡೂ ಕೈಯಿಂದ ಚಡ್ಡಿ ಹಿಡಿದುಕೊಂಡೆ.

ಎರಡಾಳು ಎತ್ತರ ಜಾರಿದೆನಂತೆ. ಕೆಳಗೊಂದು ಮುಳ್ಳಿನ ಕಂಟಿ ನನ್ನನ್ನು ಹಿಡಿದುಕೊಂಡಿತು. ಅದರ ಕೆಳಗೆ ಏನೂ ಇರಲಿಲ್ಲ, ಬರೀ ಗಾಳಿ. ಕಣ್ಣು ಮುಚ್ಚಿ ಬಿದ್ದಿದ್ದೆ, ಚಡ್ಡಿ ಮಾತ್ರ ಬಿಟ್ಟಿರಲಿಲ್ಲ. ಮೇಲೆ ಜೇನಿನ ಗುಂಯ್ ಸದ್ದು. ಇವತ್ತು ಸತ್ತೆ ಎಂದುಕೊಂಡೆ, ಖರೇನೇ ಹಾಗೆ ಅಂದುಕೊಂಡೆ. ಬಹಳ ಹೊತ್ತಿನ ಮೇಲೆ ಕಲ್ಲು ಉರುಳುವ ಸಪ್ಪಳವಾಯಿತು. ಕಣ್ಣು ಬಿಟ್ಟರೆ ಅಪ್ಪ ಕೊರಕಲಿನಲ್ಲಿ ಅಂಡೂರಿಕೊಂಡು, ಒಂದೊಂದೇ ಕಲ್ಲನ್ನು ತಡವರಿಸುತ್ತ ತೆವಳಿ ಬರುತ್ತಿದ್ದ. ಮುಖ ಬೂದಿಯಾಗಿತ್ತು. ನನ್ನನ್ನು ಕಂಟಿಯಿಂದ ಬಿಡಿಸಿ ಎದೆಗವಚಿಕೊಂಡಾಗ ಅವನ ಇನ್ನೊಂದು ಕೈ ಕಂಟಿಯ ಬುಡವನ್ನು ಬಿಡಲೇ ಇಲ್ಲ.

“ಎಳಿ ಹರೀತು ಅಂದ್ರ ನಿಲ್ಲಬೇಕೋ, ಚಡ್ಡಿ ಹಿಡಕೋಬೇಕೋ ಲೇ?”

“ಯಾವ ಎಳಿ ಅಂತ ನೀ ಹೇಳಲಿಲ್ಲ” ಎಂದು ಅತ್ತೆ. ಆಮೇಲೆ ಕೇಳಿದೆ, “ಅಪ್ಪಾ, ನಿನಗೂ ಅಂಜಿಕಿ ಆಗೇತೇನು?”

“ಆಗದ ಏನಲೇ? ಪ್ರತಿ ಸಲ ಆಗತೈತಿ. ಬಸ್ ಹತ್ತೂ ಮುಂದನ ಶುರು ಆಗತೈತಿ.”

“ಮತ್ಯಾಕ ಬರ್ತಿ?”

ಅಪ್ಪ ಮೇಲೆ ನೋಡಿದ. ತುದಿಯಲ್ಲಿ ಅವ್ವ ನಮಗೆ ಬೆನ್ನು ಹಾಕಿ ನಿಂತಿದ್ದಳು. ಸೆರಗು ಗಾಳಿಗೆ ಹಾರುತ್ತಿತ್ತು. “ವಾರಗಟ್ಟಲೆ ಆ ಮೂಲ್ಯಾಗ ಗ್ವಾಡಿ ನೋಡಕೋತ ಕುಂಡ್ರತಾಳ. ಇಲ್ಲಿ ಬಂದಾಗ ಆಕಿ ಮಾರಿ ನೋಡಿಯೇನು? ನೀ ಬಿದ್ದದ್ದು ಗೊತ್ತಾತು ಅಂದ್ರ ಆಕಿ ಮತ್ತ ಗುಡ್ಡದ ಹೆಸರ ತಗ್ಯಾಂಗಿಲ್ಲ. ಹೇಳಬ್ಯಾಡಪಾ.”

ನನ್ನ ಸಂಕಟ ನೋಡಿ. ಹಣಮಪ್ಪ ಕೊನೆಗೂ ವರ ಕೊಟ್ಟಿದ್ದ. ‘ಅವ್ವಾ, ನಾ ಬಿದ್ದಿದ್ದೆ’ ಎಂಬ ಒಂದೇ ಮಾತು ಸಾಕು, ಜನ್ಮದಲ್ಲಿ ಮತ್ತೆ ಗುಡ್ಡ ಹತ್ತುವ ಹಾಗಿರಲಿಲ್ಲ. ಅದೇ ಮಾತನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡೇ, ಅಪ್ಪನ ಕೈ ಹಿಡಿದು ಸುತ್ತುದಾರಿಯಿಂದ ಮೇಲೆ ಹೋದೆ. “ಕಾಲಿಗೇನಾತೋ, ರಕ್ತ ಬರಾಕತ್ತೈತಿ?” ಎಂದಳು ಅವ್ವ. ಬಿಸಿಲಿಗೆ ಅವಳ ಮುಖ ಕೆಂಪಾಗಿತ್ತು. ಅವಳು ಸುಮ್ಮಸುಮ್ಮನೆ ನಗುತ್ತಿದ್ದಳು. ಮಗ್ಗದ ಮೂಲೆಯಲ್ಲಿ ಒಂದು ದಿನವೂ ಕಾಣದ ನಗು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಉಳ್ಳಾಗಡ್ಡಿಯನ್ನು ನೋಡುತ್ತಿದ್ದ.

“ಬಾರಿಹಣ್ಣು ಹರಿಯಾಕ ಹೋಗಿದ್ದೆ, ಮುಳ್ಳು ಗೀರಿತು” ಎಂದೆ. ಹೀಗೆ ನನ್ನ ಸರ್ವನಾಶವನ್ನು ನಾನೇ ಮಾಡಿಕೊಂಡೆ. ಆಮೇಲೆ ಎಷ್ಟು ವರ್ಷ, ಎಷ್ಟು ಗುಡ್ಡ! ಅಪ್ಪ ನನ್ನನ್ನು ಕಾಯುವ ನೆಪದಲ್ಲಿ ನನ್ನ ಕೈ ಹಿಡಿಯುತ್ತಿದ್ದ, ನಾನು ಅಪ್ಪನ ಕೈ. ನಾನು ನೌಕರಿಗೆಂದು ಜಮಖಂಡಿಗೆ ಬಂದ ಮೇಲೆ ಅಪ್ಪ, ಅವ್ವ ಇಬ್ಬರೇ ಹೋಗುತ್ತಿದ್ದರು.

ಈಗ ಅಪ್ಪ ಇಲ್ಲ. ಮಗ್ಗ ಮಾರಿ ಆಯಿತು. ಅವ್ವ ನಮ್ಮ ಜೊತೆ ಜಮಖಂಡಿಯಲ್ಲಿದ್ದಾಳೆ. ವಯಸ್ಸು ಎಪ್ಪತ್ತೈದು, ಮೊಣಕಾಲು ಇಪ್ಪತ್ತೈದರವು. ರವಿವಾರ ಬೆಳಗಾದರೆ ಚಪ್ಪಲಿ ಮೆಟ್ಟಿ ನಿಲ್ಲುತ್ತಾಳೆ: “ಗುಡ್ಡಕ್ಕ ಹೋಗೂನು ನಡಿಯೋ.” ಅಪ್ಪನ ಕೆಲಸ ನನ್ನ ಪಾಲಿಗೆ ಬಂದಿದೆ, ಮಾಡುತ್ತಿದ್ದೇನೆ. ಹೋದ ರವಿವಾರ ಗುಡ್ಡ ಇಳಿಯುವಾಗ ನಮ್ಮ ಓಣಿಯ ರಿಟಾಯರ್ಡ್ ಮಾಸ್ತರರು ಎದುರಾದರು. ನಮ್ಮನ್ನು ನೋಡಿ ಅವರ ಕಣ್ಣು ತುಂಬಿಬಂತು. “ಈ ಕಾಲದಾಗ ಇಂಥಾ ಮಗಾ ಎಲ್ಲಿ ಸಿಗತಾನ್ರಿ! ನಾ ತಳದಿಂದ ನೋಡಾಕತ್ತೇನಿ, ತಾಯಿ ಕೈ ಒಂದು ಸಲಾನೂ ಬಿಡಲಿಲ್ಲ” ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಅವರು ಕೇಳಿಸದಷ್ಟು ದೂರ ಹೋದ ಮೇಲೆ ಅವ್ವ ನನ್ನ ಐದೂ ಬೆರಳು ಮೂಡಿದ ತನ್ನ ಮಣಿಕಟ್ಟನ್ನು ಮೆಲ್ಲಗೆ ಬಿಡಿಸಿಕೊಂಡಳು.

“ಸ್ವಲ್ಪ ಸಡಲ ಹಿಡಿಯೋ ಯಪ್ಪಾ. ನಿಮ್ಮಪ್ಪ ಎಷ್ಟ ಅಂಜಿದ್ರೂ ಇಷ್ಟು ಬಿಗಿ ಹಿಡೀತಿರಲಿಲ್ಲ.”