ಓರೆ ರಿಂಗು, ಲಾಸ್ಟ್ ಬಸ್ಸು

ನಂಬುದಿಲ್ಲ ಅನ್ನುವವರು ಈಗಲೇ ಹೇಳಿಬಿಡಿ, ನನಗೆ ಬೇಜಾರಿಲ್ಲ. ಪೂರ್ತಿ ಕೇಳಿ ಆಮೇಲೆ ಹೇಳಿದರೆ ಮಾತ್ರ ಬಿಡುವವ ನಾನಲ್ಲ. ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಟೀಮು ಈ ಸಲ ಕಪ್ ಗೆದ್ದದ್ದು ನನ್ನಿಂದ. ಬೇಕಾದರೆ ಪುತ್ತೂರಿನಲ್ಲಿ ಯಾರನ್ನಾದರೂ ಕೇಳಿ. ಬೇಡ, ಕೇಳಬೇಡಿ, ಅವರಿಗೆ ನನ್ನ ಹೆಸರು ಗೊತ್ತಿಲ್ಲ. ಇಂಥದ್ದು ನನಗೆ ಆಗುತ್ತಲೇ ಇರುತ್ತದೆ.

೧. ಔಟಿಲ್ಲದ ಆಟ

ನಾನು ರಾಮಕುಂಜದ ಕಡೆಯವ. ನಮ್ಮೂರಲ್ಲಿ ನನಗಿಂತ ಉದ್ದ ಇರುವುದು ಕರೆಂಟು ಕಂಬ ಮಾತ್ರ. ಕಾಲೇಜಿಗೆ ಸೇರಿದ ಹೊಸತರಲ್ಲಿ ಕ್ಲಾಸಿನ ಫ್ಯಾನನ್ನು ಬೆಂಚು ಹತ್ತದೆ ಒರೆಸುತ್ತಿದ್ದೆ. ಬಾಗಿಲಲ್ಲಿ ಹೋಗುತ್ತಿದ್ದ ಪಿ.ಟಿ. ಸರ್ ನಿಂತರು.

"ಏ, ನೀನು ಬಾಸ್ಕೆಟ್‌ಬಾಲ್ ಆಡಿದ್ದುಂಟಾ?"

"ಇಲ್ಲ ಸರ್."

"ಪರವಾಗಿಲ್ಲ, ನಮ್ಮ ಟೀಮಿನವರೂ ಆಡಿದ್ದಿಲ್ಲ. ನಾಳೆಯಿಂದ ಬಾ."

ಸರ್ ಹೇಳಿದ್ದು ಸುಳ್ಳಲ್ಲ. ನಮ್ಮ ಜೊತೆ ಮ್ಯಾಚ್ ಬಿದ್ದರೆ ಎದುರು ಕಾಲೇಜಿನವರು ಶೂ ಕೂಡ ಸರಿಯಾಗಿ ಕಟ್ಟುತ್ತಿರಲಿಲ್ಲ. ಅಂಥ ಟೀಮಿನಲ್ಲೂ ನನಗೆ ಸಿಕ್ಕಿದ್ದು ಬೆಂಚಿನ ತುದಿ. ಕಾರಣ ಆಟವಲ್ಲ, ಬಸ್ಸು. ನಮ್ಮೂರಿನ ಕೊನೆಯ ಬಸ್ಸಿಗೆ ನಾನು ಪ್ರಾಕ್ಟೀಸಿನ ಮಧ್ಯದಲ್ಲೇ ಓಡಬೇಕು. ಉಳಿದವರು ಆಮೇಲೆ ಕ್ಯಾಂಟೀನಿನಲ್ಲಿ ಕೂತು ಗೋಳಿಬಜೆ ತಿನ್ನುತ್ತಾರೆ. ಟೀಮಿನ ಗುಟ್ಟು, ತಮಾಷೆ, ಜಗಳ, ದೋಸ್ತಿ ಎಲ್ಲ ಆ ಮೇಜಿನಲ್ಲಿ. ನಾನು ಹೊರಟ ಕೂಡಲೇ ಯಾರಾದರೂ, "ಲಾಸ್ಟ್ ಬಸ್ ಹೋಯ್ತು!" ಅಂತ ಕೂಗುತ್ತಾರೆ. ಬರಬರುತ್ತಾ ಅದೇ ನನ್ನ ಹೆಸರಾಯಿತು. ಚೆಂಡು ಪಾಸು ಕೊಡುವಾಗಲಂತೂ ನಾನು ಆಗಲೇ ಬಸ್ಸಿನಲ್ಲಿ ಕೂತಿದ್ದೇನೆ ಅನ್ನುವ ಹಾಗೆ ಆಡುತ್ತಾರೆ. ನನಗೆ ಬೇಕಾದದ್ದು ಒಂದೇ ಒಂದು ಪಾಸು. ಬೇರೆಯವರ ಹಾಗೆ ಬೇಡುವವ ನಾನಲ್ಲ, ಅದಕ್ಕೇ ಕೇಳಲಿಲ್ಲ.

ಮನೆಯಲ್ಲಿ ಅಜ್ಜ ಮಾತ್ರ ವಿಚಾರಿಸುತ್ತಿದ್ದರು. ಅವರು ಹಳೆಯ ಕಬಡ್ಡಿ ಆಟಗಾರ.

"ಇವತ್ತು ಎಷ್ಟು ಜನ ಔಟಾದ್ರು?"

"ಇದರಲ್ಲಿ ಔಟು ಅಂತ ಇಲ್ಲ ಅಜ್ಜ."

"ನೀನು ಆಡಿದ್ಯಾ?"

"ಇಲ್ಲ, ಹೊರಗೆ ಕೂತಿದ್ದೆ."

ಅಜ್ಜ ಕೇಳಿದರು: "ಔಟೇ ಇಲ್ಲದ ಆಟದಲ್ಲಿ ನೀನೊಬ್ಬ ಔಟಾದದ್ದು ಹೇಗೆ ಮಾರಾಯ?"

೨. ನೇರ ರಿಂಗು

ನಮ್ಮ ಕೋರ್ಟಿನ ಎರಡು ರಿಂಗೂ ಓರೆ. ಕಾಲೇಜ್ ಡೇ ದಿನ ಶಾಮಿಯಾನದ ಹಗ್ಗವನ್ನು ಯಾರೋ ಅವಕ್ಕೆ ಕಟ್ಟಿದ್ದರು. ಗಾಳಿಗೆ ಶಾಮಿಯಾನ ಎದ್ದಾಗ ರಿಂಗುಗಳೂ ಹೊರಟಿದ್ದವು, ಪೂರ್ತಿ ಹೋಗಲಿಲ್ಲ, ಎಡಕ್ಕೆ ವಾಲಿ ನಿಂತವು. ನಮ್ಮವರು ಆ ಓರೆಗೇ ಎಸೆದು ಕಲಿತವರು.

ಮೊದಲ ಮ್ಯಾಚಿಗೆ ಬಂದವರು ಹಿಂದಿನ ಸಲದ ಚಾಂಪಿಯನ್ನರು. ಅವರ ಚೆಂಡು ರಿಂಗಿನ ಬಾಯಿಗೆ ಹೋಗಿ ಹೋಗಿ ವಾಪಸು ಬಂತು. ನಮ್ಮವರದ್ದು ಬಿದ್ದದ್ದೇ ಬಿದ್ದದ್ದು. ಗೆದ್ದೆವು! ಅವರ ಕೋಚು ದೂರು ಕೊಡಲು ಬಂದರೆ ಪಿ.ಟಿ. ಸರ್ ಗಂಭೀರವಾಗಿ, "ಅದು ನಮ್ಮ ಊರಿನ ಮಣ್ಣಿನ ಗುಣ," ಅಂದರು.

ಗೆದ್ದ ಫೋಟೋ ಪೇಪರಿನಲ್ಲಿ ಬಂತು. ಅದನ್ನು ತೆಗೆಯುವಾಗ ನಾನು ಬಸ್ಸಿನಲ್ಲಿದ್ದೆ. ಫೋಟೋದ ಮೂಲೆಯಲ್ಲಿ ನನ್ನ ನೀರಿನ ಬಾಟಲಿ ಉಂಟು, ಸ್ಪಷ್ಟವಾಗಿ ಕಾಣುತ್ತದೆ. ಅಜ್ಜನಿಗೆ ತೋರಿಸಿದೆ, "ಬಾಟಲಿ ಒಳ್ಳೆದು ಬಂದಿದೆ," ಅಂದರು.

ಮುಂದಿನ ಮ್ಯಾಚು ಬೇರೆ ಊರಿನಲ್ಲಿ. ನಮ್ಮ ಕ್ಯಾಪ್ಟನ್ ಎಸೆದದ್ದು ಒಂದೂ ಬೀಳಲಿಲ್ಲ. ಎದುರಿನವರ ಫೌಲಿಗೆ ಸಿಕ್ಕಿದ ಫ್ರೀ ಥ್ರೋಗಳಲ್ಲಿ ಉಳಿದವರು ಹೇಗೋ ಹಾಕಿ, ಗೆದ್ದು ಜೀವ ಉಳಿಯಿತು. ಅವನು ಅರ್ಧದಲ್ಲಿ ಅಂಪೈರಿನ ಹತ್ತಿರ ಓಡಿಹೋಗಿ ಕೈಮುಗಿದು ಹೇಳಿದ್ದನ್ನು ನಾನು ಬೆಂಚಿನಿಂದಲೇ ಕೇಳಿದೆ:

"ಸರ್, ಇವರ ರಿಂಗು ಸರಿ ಇಲ್ಲ. ನೇರ ಉಂಟು!"

೩. ಗುಟ್ಟಿನ ಭಾಷೆ

ಸೆಮಿಫೈನಲ್ ಸುಳ್ಯದಲ್ಲಿ. ಹಿಂದಿನ ಸಂಜೆ ಗೋಳಿಬಜೆ ಮೇಜಿನಲ್ಲಿ ಒಂದು ನಿರ್ಧಾರವಾಯಿತಂತೆ: ಆಟದ ಮಧ್ಯೆ ಎಡಕ್ಕೆ, ಬಲಕ್ಕೆ ಅಂತ ಹೇಳುವುದೆಲ್ಲ ಎದುರಿನವರಿಗೆ ತಿಳಿಯದ ಭಾಷೆಯಲ್ಲಿ. ತುಳು ಎಲ್ಲರಿಗೂ ಬರುತ್ತದೆ. ಮಲಯಾಳ ನಮ್ಮ ಟೀಮಿನಲ್ಲಿ ಕೇರಳ ಗಡಿಯ ಈಶ್ವರಮಂಗಲದವನೊಬ್ಬನಿಗೇ ಬರುವುದು. ಕ್ಯಾಪ್ಟನ್, "ಅರೆಭಾಷೆ ಇಡುವ. ನಮಗೇ ಸರಿ ಬರುದಿಲ್ಲ, ಮತ್ತೆ ಅವರಿಗೆ ಎಲ್ಲಿಂದ ಬರ್ತದೆ?" ಅಂದನಂತೆ.

ಸುಳ್ಯದಲ್ಲಿ ಅರೆಭಾಷೆ ಮನೆಮಾತು ಅಂತ ಹೇಳಲು ಆ ಮೇಜಿನಲ್ಲಿ ನಾನಿರಲಿಲ್ಲ.

ಮ್ಯಾಚಿನಲ್ಲಿ ನಮ್ಮವರು ಕೂಗಿ ಮುಗಿಸುವ ಮೊದಲೇ ಎದುರಿನವರು ಅಲ್ಲಿ ನಿಂತಿರುತ್ತಿದ್ದರು. ಒಬ್ಬನಂತೂ ಕ್ಯಾಪ್ಟನ್ನನಿಗೆ ಮೆಲ್ಲನೆ, "ಅಣ್ಣಾ, ಬಲಕ್ಕೆ ಹೋಗುದು ಸರಿ, ಆದ್ರೆ ಹಾಗೆ ಹೇಳುದಲ್ಲ," ಅಂತ ತಿದ್ದಿದ.

ಅಷ್ಟರಲ್ಲಿ ನಮ್ಮವರಲ್ಲಿ ಇಬ್ಬರು ಫೌಲಾಗಿ ಹೊರಬಂದರು, ಒಬ್ಬನ ಕಾಲು ಉಳುಕಿತು. ಸರ್ ಬೆಂಚು ನೋಡಿದರು. ಬೆಂಚಿನಲ್ಲಿ ನಾನು ಮತ್ತು ಬ್ಯಾಗುಗಳು.

ನಾನು ಇಳಿದೆ. ನನಗೆ ಅರೆಭಾಷೆ ಬರುವುದಿಲ್ಲ, ಸಂಕೇತ ಎಂತದ್ದು ಅಂತ ಯಾರೂ ಹೇಳಿಯೂ ಇರಲಿಲ್ಲ. ಬಲಕ್ಕೆ ಅಂದರೆ ಎಡಕ್ಕೆ ಹೋದೆ, ಹಿಂದೆ ಅಂದರೆ ಎದುರಿನವರ ಮಧ್ಯೆ ನುಗ್ಗಿದೆ. ಅರೆಭಾಷೆ ಬಲ್ಲವರೆಲ್ಲ ಗೊಂದಲಕ್ಕೆ ಬಿದ್ದರು. ಇವನು ಬೇರೆ ಯಾವುದೋ ಭಾಷೆಯ ಆಟಗಾರ ಅಂತ ಮೂವರು ನನ್ನನ್ನೇ ಕಾದರು. ಉಳಿದ ನಮ್ಮವರು ಆರಾಮಾಗಿ ಹಾಕಿ ಗೆದ್ದರು. ಮೂವರಿಂದ ಕಾವಲು ಮಾಡಿಸಿಕೊಂಡು, ಚೆಂಡು ಮುಟ್ಟದೆ ಮ್ಯಾಚ್ ಗೆಲ್ಲಿಸಿದವ ಜಿಲ್ಲೆಯಲ್ಲಿ ನಾನೊಬ್ಬನೇ.

ವಾಪಸು ಬರುವಾಗ ವ್ಯಾನಿನಲ್ಲಿ ಎಲ್ಲರೂ ಹಾಡಿದರು. ನನ್ನ ಪಕ್ಕ ಚೆಂಡಿನ ಚೀಲ ಕೂತಿತ್ತು. ಇಡೀ ದಿನದಲ್ಲಿ ಚೆಂಡು ನನ್ನ ಹತ್ತಿರ ಬಂದದ್ದು ಆಗಲೇ.

೪. ಒಂದು ಪಾಸು

ಫೈನಲ್ ನಮ್ಮ ಕೋರ್ಟಿನಲ್ಲೇ. ಮುಖ್ಯ ಅತಿಥಿಯವರು ಆರೋಗ್ಯವೇ ಭಾಗ್ಯ ಅನ್ನುವುದನ್ನು ಹೇಳಿ ಮುಗಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಕಾಲು ಉಳುಕಿದವನ ಬದಲಿಗೆ ನಾನು, ನಂಬರು ಉದುರಿದ ಹಳೆ ಜೆರ್ಸಿಯಲ್ಲಿ.

ಕೊನೆಯ ಗಳಿಗೆ. ನಾವು ಒಂದು ಪಾಯಿಂಟು ಹಿಂದೆ. ಓರೆ ರಿಂಗಿನ ಕೆಳಗೆ ನಾನೊಬ್ಬನೇ, ಯಾವತ್ತಿನ ಹಾಗೆ. ಚೆಂಡು ಕ್ಯಾಪ್ಟನ್ನನ ಕೈಯಲ್ಲಿ, ಅವನ ಸುತ್ತ ನಾಲ್ವರು. ಕಣ್ಣಿಗೆ ಬಿದ್ದದ್ದು ನಾನು. ಇಡೀ ಸೀಸನ್ನಿನಲ್ಲಿ ಮೊದಲ ಸಲ ಅವನು ನನ್ನನ್ನು ಕರೆದ:

"ಲಾಸ್ಟ್ ಬಸ್!"

ನಾನು ಗಾಬರಿಯಾಗಿ ಗೇಟಿನ ಕಡೆ ತಿರುಗಿ ಓಡಿದೆ.

ಅವನೆಸೆದ ಚೆಂಡು ನನ್ನ ತಲೆಯ ಹಿಂಬದಿಗೆ ಬಡಿದು, ಮೇಲೆ ಹಾರಿ, ರಿಂಗಿನ ಅಂಚಿನಲ್ಲಿ ಕೂತು, ಎಡಕ್ಕೆ ವಾಲಿದ ಕಡೆಯಿಂದ ಒಳಗೆ ಇಳಿಯಿತು. ಆಟ ಮುಗಿಯಿತೆಂದು ಸೀಟಿ ಊದಿದರು. ಇದನ್ನೆಲ್ಲ ಆಮೇಲೆ ಬೇರೆಯವರು ಹೇಳಿದ್ದು. ನಾನು ಗೇಟಿನಲ್ಲಿ ನಿಂತು ಬಸ್ಸಿನ ಹಿಂಭಾಗ ನೋಡುತ್ತಿದ್ದೆ.

ತಲೆ ಉಜ್ಜಿಕೊಂಡು ಹಿಂದೆ ಬಂದರೆ ಸ್ಕೋರ್ ಬರೆಯುವ ಸರ್ ಕ್ಯಾಪ್ಟನ್ನನನ್ನು ಕೇಳುತ್ತಿದ್ದರು:

"ಕೊನೆಯದ್ದು ಹಾಕಿದ್ದು ಯಾರು?"

"ಲಾಸ್ಟ್ ಬಸ್, ಸರ್."

"ಅದು ಹೋಯ್ತು ಮಾರಾಯ, ನಾನೂ ನೋಡಿದೆ. ಹಾಕಿದ್ದು ಯಾರು?"

ಕ್ಯಾಪ್ಟನ್ ನನ್ನ ಕಡೆ ತಿರುಗಿದ. ಒಂದು ಸೀಸನ್ ನನ್ನ ಜೊತೆಗೇ ಇದ್ದ ಅವನ ಮುಖ ಕೆಂಪಾಯಿತು.

"ನಿನ್ನ ಹೆಸರು ಎಂತ?"

ಹೇಳಿದೆ. ದೊಡ್ಡದಾಗಿ, ಎರಡು ಸಲ.

ಅಜ್ಜನಿಗೆ ಫೋನು ಮಾಡಿದೆ. "ಅಜ್ಜ, ಕಪ್ ಗೆದ್ದೆವು, ಆದ್ರೆ ಬಸ್ಸು ತಪ್ಪಿತು."

"ಅಂತೂ ಔಟಾದೆ," ಅಂದರು ಅಜ್ಜ, ಸಮಾಧಾನದಿಂದ.

ಸರ್ ತಮ್ಮ ಸ್ಕೂಟರಿನಲ್ಲಿ ಮನೆಗೆ ಬಿಡುತ್ತೇನೆ ಅಂದರು. ಅದಕ್ಕೆ ಮೊದಲು ಎಲ್ಲರೂ ಕ್ಯಾಂಟೀನಿಗೆ ಹೋದೆವು. ಮೇಜಿನ ಒಂದು ಬದಿಯವರು ಸರಿದು ಜಾಗ ಮಾಡಿದರು. ನನಗೆ ಎರಡು ಗೋಳಿಬಜೆ ಕೊಟ್ಟರು. ಚಟ್ನಿ ಮುಗಿದಿತ್ತು.